ಮಿತ್ತಪಾದೆಗೆ ನಾನೆಳೆದ ಕೆಂಪು ಗೆರೆ

ಜೀಪು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಬರುವುದೇ ನನ್ನ ಉದ್ಯೋಗವಾಗಿತ್ತು ಎಂದರೆ ಈಗಿನವರು ನಗುತ್ತಾರೆ. ಅದಕ್ಕೂ ಸರಕಾರ ಒಬ್ಬ ಮನುಷ್ಯನನ್ನು ಇಟ್ಟುಕೊಂಡಿತ್ತೇ ಎಂದು ಕೇಳುತ್ತಾರೆ. ಇಟ್ಟುಕೊಂಡಿತ್ತು, ಆ ಮನುಷ್ಯ ನಾನೇ. ಕಳೆದ ತಿಂಗಳು ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಮನೆಗೆ ಬಂದು, "ನಿಮ್ಮ ಕಾಲದ ಅನುಭವ ಸ್ವಲ್ಪ ಬರೆದು ಕೊಡಿ ಸರ್, ನಮಗೆ ಉಪಯೋಗ ಉಂಟು" ಎಂದರು. ನಾನು ಹೂಂ ಎನ್ನುವಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ, "ಬರೆಯುವುದಾದರೆ ಪೂರಾ ಬರೀಲಿ. ಅರ್ಧ ಬರೆಯುವುದು ಬೇಡ" ಎಂದಳು. ಹುಡುಗರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟ ಜೀಪುಗಳು ಮಂಗಳೂರಿಗೂ ಬಂದವು. ಅದರಲ್ಲೊಂದು ಕದ್ರಿ ಗುಡ್ಡೆಯ ಪಕ್ಕದಲ್ಲಿದ್ದ ನಮ್ಮ ಕಚೇರಿಯ ಪಾಲಿಗೆ ಬಂತು. ಸಾಧಾರಣ ಕಾರಿನಲ್ಲಿ ಇಂಜಿನಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುತ್ತದೆ. ಜೀಪಿನಲ್ಲಿ ಬೇಕಾದಾಗ ಒಂದು ಚಿಕ್ಕ ಲಿವರ್ ಎಳೆದರೆ ಮುಂದಿನ ಎರಡಕ್ಕೂ ಹೋಗುತ್ತದೆ, ನಾಲ್ಕೂ ಸೇರಿ ಗಾಡಿಯನ್ನು ಏರು ಹತ್ತಿಸುತ್ತವೆ. ಘಟ್ಟದ ಬುಡದ ಊರುಗಳಿಗೆ ಆಗ ಇದ್ದದ್ದು ಕಾಲುದಾರಿ, ಮರ ಎಳೆದ ದಾರಿ, ಎಮ್ಮೆ ನಡೆದ ದಾರಿ. ನಾನು ಒಬ್ಬನೇ ಜೀಪು ತೆಗೆದುಕೊಂಡು ಹೋಗಿ ಒಂದೊಂದನ್ನೂ ಹತ್ತಿ ನೋಡಿ ನಕ್ಷೆಯ ಮೇಲೆ ಗೆರೆ ಎಳೆಯಬೇಕು. ವರ್ಷವಿಡೀ ಜೀಪು ಹೋಗುವ ದಾರಿಗೆ ಹಸಿರು ಪೆನ್ಸಿಲು, ಬೇಸಿಗೆಯಲ್ಲಿ ಮಾತ್ರ ಹೋಗುವುದಕ್ಕೆ ನೀಲಿ, ಹೋಗದೇ ಇರುವುದಕ್ಕೆ ಕೆಂಪು. ಹಸಿರು, ನೀಲಿ ಇದ್ದಲ್ಲಿಗೆ ಆಸ್ಪತ್ರೆಯ ಜೀಪು ಹೋಗುತ್ತಿತ್ತು, ನರ್ಸಮ್ಮ ಹೋಗುತ್ತಿದ್ದರು, ಸಿಡುಬಿಗೆ ಮೈಲಿ ಹಾಕುವವರು ಹೋಗುತ್ತಿದ್ದರು. ಕೆಂಪು ಬಿದ್ದ ದಾರಿಯನ್ನು ಮತ್ತೆ ಯಾರೂ ಕೇಳುತ್ತಿರಲಿಲ್ಲ.

ನನಗೆ ಕೆಲಸ ಕಲಿಸಿದವರು ಲಾಜರಸ್ ಪೊರ್ಬು. ಬರ್ಮಾದ ಕಡೆ ಮಿಲಿಟರಿ ಗಾಡಿ ಓಡಿಸಿ ಬಂದವರು. ಅವರ ಪಾಠ ಎರಡೇ. ಒಂದು, ಸಂಶಯದ ಜಾಗವನ್ನು ಮೊದಲು ನಡೆದು ನೋಡು, ಆಮೇಲೆ ಗಾಡಿ ಹತ್ತಿಸು. ಎರಡು, ಹೊರಡುವ ಮೊದಲು ಚಾಪೆ ಹಾಸು. ಪ್ರತಿ ಜೀಪಿನ ಹಿಂದೆ ಒಂದು ಹಳೆಯ ಚಾಪೆ ಇರುತ್ತಿತ್ತು. ಅದನ್ನು ಹಾಸಿ, ಗಾಡಿಯ ಅಡಿಗೆ ಮಲಗಿ, ಪ್ರತಿ ಬೋಲ್ಟನ್ನೂ ಕೈಯಿಂದ ಮುಟ್ಟಿ ನೋಡಬೇಕು. "ಮೇಲೆ ಕುಳಿತವನಿಗೆ ಗಾಡಿಯ ವಿಷಯ ಎಂತದ್ದೂ ಗೊತ್ತಾಗುದಿಲ್ಲ ಮಾರಾಯ" ಎನ್ನುತ್ತಿದ್ದರು. ನನ್ನ ಅಂಗಿ ಮಣ್ಣಾಗಿದ್ದರೆ ಮಾತ್ರ ಅವರಿಗೆ ಸಮಾಧಾನ.

ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ಬ್ಯಾರಿಗಳ ಮನೆ ನಮ್ಮದು. ಅಂಗಡಿಯಲ್ಲಿ ಕುಳಿತುಕೊಳ್ಳಬೇಕಾದ ಮಗ ಜೀಪು ಹತ್ತಿ ಗುಡ್ಡೆ ಗುಡ್ಡೆ ತಿರುಗುತ್ತಾನೆ ಎಂದು ಬಾಪಾನಿಗೆ ಬೇಸರವಿತ್ತು. ನನಗೆ ಅದರಲ್ಲೇ ಸುಖ. ಬೆಳಿಗ್ಗೆ ಅಕ್ಕಿಯ ಪತ್ತಿರ್ ರೊಟ್ಟಿ, ಮೀನಿನ ಚಟ್ನಿ ಕಟ್ಟಿಸಿಕೊಂಡು ಹೊರಟರೆ, ಬೆಳ್ತಂಗಡಿ ದಾಟಿದ ಮೇಲೆ ಮಾತಾಡಿಸುವವರು ಯಾರೂ ಇಲ್ಲ. ಚಿಕ್ಕ ಗೇರಿನಲ್ಲಿ ಜೀಪು ಮನುಷ್ಯ ನಡೆಯುವ ವೇಗದಲ್ಲಿ ಹತ್ತುತ್ತದೆ. ತಪ್ಪು ಮಾಡಿದರೆ ಬಯ್ಯುವವರಿಲ್ಲ. ಈ ಕೊನೆಯ ಸುಖ ಒಳ್ಳೆಯದಲ್ಲ ಎಂದು ನನಗೆ ಗೊತ್ತಾಗಲು ಬಹಳ ಕಾಲ ಬೇಕಾಯಿತು.

ತಪ್ಪೇನೂ ಕಡಿಮೆ ಮಾಡಲಿಲ್ಲ. ಹೊಳೆ ದಾಟುವ ಮೊದಲು ನಾವು ಫ್ಯಾನ್ ಬೆಲ್ಟ್ ಬಿಚ್ಚಿಡುತ್ತಿದ್ದೆವು. ಇಲ್ಲದಿದ್ದರೆ ಫ್ಯಾನು ನೀರನ್ನೆಲ್ಲ ಇಂಜಿನಿನ ಮೇಲೆ ಎರಚುತ್ತದೆ. ಒಮ್ಮೆ ದಾಟಿದ ಮೇಲೆ ಬೆಲ್ಟ್ ಹಾಕುವುದನ್ನು ಮರೆತು ಎರಡು ಮೈಲು ಹೋದೆ. ರೇಡಿಯೇಟರ್ ಕುದಿದು ಹೊಗೆ ಎದ್ದಿತು. ಹತ್ತಿರ ಇದ್ದದ್ದು ಒಂದೇ ಗುಡಿಸಲು, ಬಾವಿ ಗುಡ್ಡದ ಕೆಳಗೆ. ಆ ಮನೆಯ ಅಜ್ಜಿ "ಪಾಪ, ಬಾಯಾರಿಕೆ ಆಗಿರ್ಬೇಕು ಅದಕ್ಕೆ" ಎಂದು ಒಂದು ಮಡಕೆ ಗಂಜಿ ತೆಳಿ ತಂದುಕೊಟ್ಟರು. ಬೇರೆ ಗತಿಯಿಲ್ಲದೆ ಅದನ್ನೇ ಹೊಯ್ದೆ. ಮತ್ತೆ ತಿಂಗಳುಗಟ್ಟಲೆ ಜೀಪು ಬಿಸಿಯಾದರೆ ಅನ್ನ ಬೇಯುವ ವಾಸನೆ ಬರುತ್ತಿತ್ತು. ಈ ಕಥೆಯನ್ನು ನಾನು ಕಂಡಕಂಡವರಿಗೆ ಹೇಳಿ ನಗಿಸಿದ್ದೇನೆ. ನಗು ಬರುವ ತಪ್ಪನ್ನು ಹೇಳಿಕೊಳ್ಳುವುದು ಸುಲಭ. ಇನ್ನೊಂದು ತಪ್ಪನ್ನು ಇಷ್ಟು ವರ್ಷ ಹೆಂಡತಿಗೆ ಬಿಟ್ಟರೆ ಒಬ್ಬರಿಗೆ ಮಾತ್ರ ಹೇಳಿದ್ದೆ.

ನಾವು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಪೊರ್ಬು ಆಗಲೇ ನಿವೃತ್ತರಾಗಿದ್ದರು. ಮೈಸೂರು ಕಡೆಯ ಒಬ್ಬರು ಇಂಜಿನಿಯರರು ನಮಗೆ ಮೇಲಧಿಕಾರಿಯಾಗಿ ಬಂದಿದ್ದರು. ಮಳೆಗಾಲದಲ್ಲಿ ಜೀಪಿಗೆ ಪೇಟೆ ತಿರುಗುವ ಕೆಲಸ ಮಾತ್ರ. ಆ ನಾಲ್ಕು ತಿಂಗಳು ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಉದ್ದದ ಶಾಫ್ಟನ್ನು ಬಿಚ್ಚಿ, ಗ್ರೀಸು ಹಚ್ಚಿ, ಗೋಣಿಯಲ್ಲಿ ಸುತ್ತಿ ಶೆಡ್ಡಿನ ಅಟ್ಟದಲ್ಲಿ ಇಡುವುದು ಪೊರ್ಬು ಮಾಡಿಟ್ಟ ಕ್ರಮ. ಗಾಡಿ ಹಗುರವಾಗುತ್ತದೆ, ಸವಕಳಿ ಇಲ್ಲ. ಮರೆಯದಿರಲಿ ಎಂದು ಸ್ಟಿಯರಿಂಗಿಗೆ ಒಂದು ತಗಡಿನ ಚೀಟಿ ಕಟ್ಟುತ್ತಿದ್ದೆವು: "ಮುಂದಿನ ಶಾಫ್ಟ್ ಇಲ್ಲ." ಹೊಸ ಇಂಜಿನಿಯರರು ಅದನ್ನು ನೋಡಿ, "ಏನ್ರೀ ಇದು, ದನದ ಕೊರಳಿಗೆ ಕಟ್ಟಿದ ಹಾಗೆ! ತೆಗೀರಿ" ಎಂದರು. ಯಾಕೆ ಕಟ್ಟಿದ್ದು ಎಂದು ನಾನು ಒಂದು ಮಾತು ಹೇಳಬಹುದಿತ್ತು. ಹೇಳದೆ ತೆಗೆದೆ.

ಮಳೆ ನಿಂತಿತು. ಮೊದಲ ಪ್ರಯಾಣ ಮಿತ್ತಪಾದೆಗೆ. ಈ ಹೆಸರು ನಾನು ಇಟ್ಟದ್ದು, ಊರಿನ ನಿಜವಾದ ಹೆಸರು ಬೇರೆ. ಘಟ್ಟದ ಅರ್ಧದಲ್ಲಿ, ಕಾಡಿನ ನಡುವೆ ಇಪ್ಪತ್ತು ಮೂವತ್ತು ಮನೆ. ಕಾಯಿಲೆಯವರನ್ನು ಕಂಬಳಿಯಲ್ಲಿ ಹಾಕಿ ಕೋಲಿಗೆ ಕಟ್ಟಿ ಮೂರು ಗಂಟೆ ಹೊತ್ತು ಕೆಳಗೆ ತರುತ್ತಿದ್ದರು. ಜೀಪು ಹೋಗುತ್ತದೆ ಎಂದಾದರೆ ನರ್ಸಮ್ಮನನ್ನು ವಾರಕ್ಕೊಮ್ಮೆ ಕಳುಹಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ದೊಡ್ಡ ಅಧಿಕಾರಿಯ ಹಾಗೆ ಕಾಣಬೇಕು ಎಂದು ಆ ದಿನ ನಾನು ಹೊಸ ಬಿಳಿ ಅಂಗಿ ಹಾಕಿದ್ದೆ. ಅಂಗಿ ಹಾಳಾಗುತ್ತದೆ ಎಂದು ಚಾಪೆ ಹಾಸಲಿಲ್ಲ. ಇಷ್ಟೇ ನಡೆದದ್ದು. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇರುತ್ತಿದ್ದರೆ ಬರೆಯಲು ನನಗೂ ಸ್ವಲ್ಪ ಮರ್ಯಾದೆ ಇರುತ್ತಿತ್ತು.

ಊರಿಗೆ ಅರ್ಧ ಮೈಲು ಇರುವಾಗ ಒಂದು ಉದ್ದದ ಏರು. ಕೆಂಪು ಮುರಕಲ್ಲಿನ ಹರಳು ತುಂಬಿದ, ಗುಡ್ಡದ ಕಡಿದಾದ ಬರೆ, ಒಂದು ಬದಿಯಲ್ಲಿ ಕಣಿವೆ. ನಡೆದು ನೋಡಿದೆ. ಕಷ್ಟ, ಆದರೆ ಆಗುತ್ತದೆ ಎಂದು ಕಂಡಿತು. ಚಿಕ್ಕ ಲಿವರನ್ನು ಎಳೆದು ಹತ್ತಿಸಿದೆ. ಮೂರರಲ್ಲಿ ಒಂದು ಭಾಗ ಏರಿದ ಮೇಲೆ ಹಿಂದಿನ ಚಕ್ರ ಗಿರಗಿರ ತಿರುಗಿ ಹರಳು ಹಾರಿಸಿತು, ಜೀಪು ಹಿಂದಕ್ಕೆ ಜಾರಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಕಣಿವೆಯ ಕಡೆಗೇ ಜಾರಿ ಒಂದು ಮರಕ್ಕೆ ಬಡಿದು ನಿಂತಿತು. ಇಂಜಿನ್ ಬಂದ್ ಮಾಡಿ ಕೆಳಗಿಳಿದೆ.

ಸದ್ದು ಕೇಳಿ ಮೇಲಿನಿಂದ ಒಬ್ಬರು ಇಳಿದು ಬಂದು ಬದಿಯಲ್ಲಿ ನಿಂತಿದ್ದರು. ಐತಪ್ಪಣ್ಣ ಎನ್ನುತ್ತೇನೆ, ಅದೂ ನಾನಿಟ್ಟ ಹೆಸರೇ. ನನಗಿಂತ ಹತ್ತು ವರ್ಷ ದೊಡ್ಡವರು, ಊರಿನ ಕಾರ್ಯಭಾರಕ್ಕೆಲ್ಲ ಮುಂದೆ ನಿಲ್ಲುವವರು. ಆಗ ನಾನು ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸಾಹೇಬ್ರೆ, ಹಿಂದಿನ ಚಕ್ರ ಮಾತ್ರ ತಿರುಗ್ತದೆ. ಮುಂದಿನದ್ದು ಸುಮ್ಮನೆ ನಿಂತಿರ್ತದೆ. ಅದು ಹಾಗೆಯಾ?" ಎಂದು ಕೇಳಿದರು.

ಒಬ್ಬನೇ ಓಡಿಸುವವನಿಗೆ ತನ್ನ ಮುಂದಿನ ಚಕ್ರ ಕಾಣುವುದಿಲ್ಲ. ಹೊರಗೆ ನಿಂತವರಿಗೆ ಕಾಣುತ್ತದೆ. ಅವರು ಹುಟ್ಟಿದ ಮೇಲೆ ಜೀಪನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು, ಆದರೂ ನೋಡಬೇಕಾದದ್ದನ್ನೇ ನೋಡಿದ್ದರು. ನಾನು ಬಗ್ಗಿ ಒಮ್ಮೆ ಅಡಿಗೆ ಇಣುಕಿದ್ದರೆ ಮುಗಿಯುತ್ತಿತ್ತು.

"ನಿನಗೆಂತ ಗೊತ್ತು ಜೀಪಿನ ವಿಷಯ? ಇದೆಂತ ಎತ್ತಿನ ಗಾಡಿಯಾ?" ಎಂದೆ. ಹೆದರಿದ್ದೆ, ಹೆದರಿದ್ದು ಕಾಣಬಾರದು ಎಂದು ಗದರಿದೆ.

"ಇಲ್ಲ ಸಾಹೇಬ್ರೆ, ನನಗೆಂತದ್ದೂ ಗೊತ್ತಿಲ್ಲ. ಕಂಡದ್ದು ಹೇಳಿದೆ ಅಷ್ಟೆ" ಎಂದು ಹಿಂದೆ ಸರಿದರು. ಆಮೇಲೆ ಅವರೇ ಜೀಪನ್ನು ತಳ್ಳಿ ದಾರಿಗೆ ತಂದು, ಮನೆಗೆ ಓಡಿ ಹೋಗಿ ಬೆಲ್ಲ ನೀರು ತಂದುಕೊಟ್ಟರು. "ಆಗುದಿಲ್ವಾ ಹಾಗಾದ್ರೆ?" ಎಂದು ಕೇಳಿದರು. "ಆಗುದಿಲ್ಲ" ಎಂದೆ. ಅವರೆದುರೇ ಬಾನೆಟ್ಟಿನ ಮೇಲೆ ನಕ್ಷೆ ಬಿಡಿಸಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದೆ.

ಮರುದಿನ ಇಂಜಿನಿಯರರು ನನ್ನ ವರದಿ ಓದಿ ಎಲ್ಲರೆದುರು ಹೊಗಳಿದರು. "ಕೂತಲ್ಲೇ ಹಸಿರು ಎಳೆದು ಕಳಿಸೋರೇ ಜಾಸ್ತಿ ಕಣ್ರೀ. ಇವರನ್ನು ನೋಡಿ, ಮೂರು ಸಲ ಜೀವ ಪಣಕ್ಕಿಟ್ಟು ಹತ್ತಿ, ಆಗಲ್ಲ ಅಂತ ಬರೆದಿದ್ದಾರೆ. ಇದು ಪ್ರಾಮಾಣಿಕತೆ" ಎಂದರು. ನನಗೆ ಎದೆ ಉಬ್ಬಿತು.

ಎರಡು ದಿನ ಬಿಟ್ಟು ಟಯರು ಕಳಚುವ ಒಂದು ಹಾರೆ ಹುಡುಕಲು ಶೆಡ್ಡಿನ ಅಟ್ಟಕ್ಕೆ ಕೈ ಹಾಕಿದೆ. ಕೈಗೆ ಗೋಣಿ ಸಿಕ್ಕಿತು. ಬಿಚ್ಚಬೇಕಾಗಿರಲಿಲ್ಲ, ಭಾರದಲ್ಲೇ ಗೊತ್ತಾಯಿತು. ಅಲ್ಲಿಯೇ ಟಯರಿನ ಮೇಲೆ ಕುಳಿತೆ. ಆಮೇಲೆ ಎದ್ದು ಶೆಡ್ಡಿನ ಬಾಗಿಲು ಹಾಕಿ, ಚಾಪೆ ಹಾಸಿ, ಶಾಫ್ಟನ್ನು ಜೋಡಿಸಿದೆ. ಸಂಜೆ ಜೀಪನ್ನು ಕದ್ರಿಯ ಹಿಂದಿನ ಗುಡ್ಡೆಗೆ ಕೊಂಡುಹೋದೆ. ಅಲ್ಲಿ ಮಿತ್ತಪಾದೆಯ ಬರೆಗಿಂತ ಕಡಿದಾದ ಒಂದು ಏರು ಇತ್ತು, ಅದೇ ಮುರಕಲ್ಲಿನ ಹರಳು. ಜೀಪು ಎಲ್ಲಿಯೂ ನಿಲ್ಲದೆ ಹತ್ತಿತು. ಅದು ಹತ್ತದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ನಕ್ಷೆ ಇನ್ನೂ ಟೈಪಿಸ್ಟರ ಮೇಜಿನ ಮೇಲೆಯೇ ಇತ್ತು, ಒಂದು ವಾರ ಇತ್ತು. "ಸರ್, ನನ್ನಿಂದ ತಪ್ಪಾಗಿದೆ, ಇನ್ನೊಮ್ಮೆ ಹೋಗಿ ಬರುತ್ತೇನೆ" ಎಂದರೆ ಸಾಕಾಗಿತ್ತು. ಒಮ್ಮೆ ಇಂಜಿನಿಯರರ ಕೋಣೆಯ ಬಾಗಿಲಿನವರೆಗೂ ಹೋದೆ. ಒಳಗೆ ಅವರು ಬೇರೆ ಯಾರೋ ಅಧಿಕಾರಿಗೆ ನನ್ನನ್ನೇ ಹೊಗಳುತ್ತಿದ್ದರು. ಹಾಗೆಯೇ ವಾಪಸ್ ಬಂದೆ. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದೆ. ಅವಳು, "ನಾಳೆ ಹೋಗಿ ಹೇಳಿ ಮತ್ತೆ, ಅದಕ್ಕೆಂತ?" ಎಂದಳು. ಅವಳಿಗೆ ಅದು ಅಷ್ಟು ಸರಳವಾಗಿ ಕಂಡಿತು. ನಿಜಕ್ಕೂ ಅಷ್ಟೇ ಸರಳವಾಗಿತ್ತು. ನಾನು ನಾಳೆ ನಾಳೆ ಎಂದು ದಿನ ದೂಡಿದೆ. ನಕ್ಷೆ ಬೆಂಗಳೂರಿಗೆ ಹೋಯಿತು.

ಮರುವರ್ಷ ಐತಪ್ಪಣ್ಣ ನನ್ನನ್ನು ಹುಡುಕಿಕೊಂಡು ಕದ್ರಿಗೆ ಬಂದರು. ಬೆಳಗಿನ ಜಾವ ಗುಡ್ಡ ಇಳಿದು, ನಡೆದು, ಬಸ್ಸು ಹಿಡಿದು ಬಂದಿದ್ದರು. ಕಚೇರಿಯವರು ಕೇಳಿಸಿಕೊಳ್ಳಬಾರದು ಎಂದು ಅವರನ್ನು ಹೋಟೆಲಿಗೆ ಕರೆದುಕೊಂಡು ಹೋದೆ. ಬನ್ಸ್, ಚಾ ತರಿಸಿದೆ. ಅವರು ಬನ್ಸ್ ಮುಟ್ಟದೆ ಕೇಳಿದರು.

"ಸಾಹೇಬ್ರೆ, ಆ ಬರೆ ಎಷ್ಟು ತಗ್ಗಬೇಕು? ನೀವು ಅಳತೆ ಹೇಳಿ. ನಾವು ಊರಿನವರು ಸೇರಿ ಕಡೀತೇವೆ."

"ಅದು ಕಲ್ಲು. ಊರಿನವರಿಂದ ಆಗುವ ಕೆಲಸ ಅಲ್ಲ ಅದು."

"ಆಗ್ತದೆ. ಹೆಂಗಸರೂ ಬರ್ತೇವೆ ಅಂದಿದ್ದಾರೆ. ಅಳತೆ ಒಂದು ಗೊತ್ತಾದ್ರೆ ಸಾಕು. ನೀವು ಸುಳ್ಳು ಆಸೆ ಹುಟ್ಟಿಸದೆ ಇದ್ದದ್ದು ಇದ್ದ ಹಾಗೆ ಹೇಳಿದವರು. ಅದಕ್ಕೇ ನಿಮ್ಮ ಹತ್ರವೇ ಬಂದದ್ದು."

ಈ ಘಳಿಗೆಯನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಕಡಿಯುವುದು ಬೇಡ, ನಾಳೆಯೇ ಜೀಪು ತರುತ್ತೇನೆ, ಇನ್ನೊಮ್ಮೆ ನೋಡುವ ಎಂದಿದ್ದರೆ ನನ್ನ ತಪ್ಪನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಇರಲಿಲ್ಲ. ಆದರೆ ಜೀಪು ಹತ್ತಿಬಿಟ್ಟರೆ, ಅಂದು ಯಾಕೆ ಹತ್ತಲಿಲ್ಲ ಎಂದು ಇಂಜಿನಿಯರರು ಕೇಳುತ್ತಾರೆ. ಅಷ್ಟು ಹೊತ್ತಿಗೆ ಬೇರೆ ಜಿಲ್ಲೆಯ ಡ್ರೈವರುಗಳಿಗೆ ಕಲಿಸಲು ನನ್ನನ್ನು ಕಳುಹಿಸುತ್ತಿದ್ದರು. ನಾನು ಜೇಬಿನಿಂದ ಪೆನ್ಸಿಲು ತೆಗೆದು ಹೋಟೆಲಿನ ಒಂದು ಕಾಗದದ ಮೇಲೆ ಬರೆಯ ಚಿತ್ರ ಬರೆದೆ. "ತುದಿಯಲ್ಲಿ ಎರಡಾಳು ಆಳ ಕಡಿಯಬೇಕು. ಕೆಳಗೆ ಒಂದಾಳು ಎತ್ತರ ಮಣ್ಣು ತುಂಬಿಸಬೇಕು" ಎಂದೆ. ಕೇಳಿ ಹೆದರಿ ಕೈ ಬಿಡಲಿ ಎಂದು ಹೇಳಿದ್ದು. ಅವರು ಆ ಕಾಗದವನ್ನು ಮಡಚಿ ಎಲೆಯಡಿಕೆಯ ಚೀಲದಲ್ಲಿ ಇಟ್ಟುಕೊಂಡು, ಬನ್ಸ್ ತಿಂದು, ನನಗೆ ಕೈಮುಗಿದು ಹೋದರು.

ಎರಡು ಬೇಸಿಗೆ ಕಡಿದರು. ಹಾರೆ, ಪಿಕಾಸಿ, ಬುಟ್ಟಿ, ಬೇರೇನೂ ಇಲ್ಲ. ಆ ದಾರಿ ಸಿಗಬಾರದು ಎಂದು ನಾನು ಆ ಎರಡು ವರ್ಷ ಬೇರೆ ಕಡೆಯ ಗುಡ್ಡಗಳನ್ನೇ ಆರಿಸಿಕೊಂಡೆ. ಎರಡನೆಯ ಬೇಸಿಗೆಯಲ್ಲಿ ಬೆಳ್ತಂಗಡಿಯ ಒಂದು ಅಂಗಡಿಯಲ್ಲಿ ಸುದ್ದಿ ಕೇಳಿದೆ. ಬರೆಯ ತುದಿಯಿಂದ ಕಲ್ಲೊಂದು ಉರುಳಿ ಐತಪ್ಪಣ್ಣನ ಬಲಗೈಯ ಮೇಲೆ ಬಿದ್ದಿತಂತೆ. ಕಂಬಳಿಯಲ್ಲಿ ಹೊತ್ತು ಆಸ್ಪತ್ರೆಗೆ ತರುವಷ್ಟರಲ್ಲಿ ತಡವಾಗಿ ಮೂರು ಬೆರಳು ತೆಗೆಯಬೇಕಾಯಿತಂತೆ. ಗಾಯ ಆರುವ ಮೊದಲೇ ಅವರು ಎಡಗೈಯಲ್ಲಿ ಬುಟ್ಟಿ ಹಿಡಿದು ಮತ್ತೆ ಕೆಲಸಕ್ಕೆ ನಿಂತರು ಎಂದು ಅಂಗಡಿಯವನು ಮೆಚ್ಚಿ ಹೇಳಿದ. ನಾನು ಚಾ ಅರ್ಧಕ್ಕೆ ಬಿಟ್ಟು ಎದ್ದೆ. ಆ ವರ್ಷಗಳಲ್ಲಿ ಇನ್ನು ಯಾರನ್ನೆಲ್ಲ ಕಂಬಳಿಯಲ್ಲಿ ಹೊತ್ತು ತಂದರು, ಯಾರನ್ನು ವಾಪಸ್ ಹೊತ್ತುಕೊಂಡು ಹೋದರು ಎಂದು ನಾನು ಯಾರನ್ನೂ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ದಾರಿ ಮುಗಿಯಿತು. ಮೊದಲ ಜೀಪನ್ನು ಸಾಹೇಬರೇ ಹತ್ತಿಸಬೇಕು ಎಂದು ಊರಿನವರು ಕಚೇರಿಗೆ ಕಾಗದ ಬರೆದರು. ಇಂಜಿನಿಯರರು ಖುಷಿಯಾಗಿ ನನ್ನನ್ನೇ ಕಳುಹಿಸಿದರು. ಆ ದಿನ ನಾನು ಚಾಪೆ ಹಾಸಿ ಮಲಗಿ ಎರಡೆರಡು ಸಲ ನೋಡಿದೆ, ಇನ್ನು ನೋಡಿ ಏನು ಫಲ. ಐತಪ್ಪಣ್ಣ ಬರೆಯ ಬುಡದಲ್ಲಿ ಕಾಯುತ್ತಿದ್ದರು. ಜೀಪು ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಉಳಿದವರೆಲ್ಲ ಮೇಲೆ ಇದ್ದರು, ಓಲಗದ ಸದ್ದು ಕೇಳುತ್ತಿತ್ತು.

ಎರಡೂ ಬದಿಯಲ್ಲಿ ಕಡಿದ ಕಲ್ಲಿನ ಗೋಡೆ ನನ್ನ ತಲೆಗಿಂತ ಎತ್ತರ ಇತ್ತು. ಹಾರೆಯ ಒಂದೊಂದು ಏಟಿನ ಗುರುತೂ ಅದರ ಮೇಲೆ ಕಾಣುತ್ತಿತ್ತು. ಕಾಗದದಲ್ಲಿ ನಾನು ಗೀಚಿದ ಅಳತೆಗೆ ಒಂದು ಗೇಣು ಹೆಚ್ಚಿಲ್ಲ, ಕಡಿಮೆಯಿಲ್ಲ. ಚಿಕ್ಕ ಲಿವರನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಅರ್ಧ ಏರಿದ ಮೇಲೆ ನನ್ನಿಂದ ತಡೆಯಲು ಆಗಲಿಲ್ಲ. ಜೀಪು ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ.

"ಐತಪ್ಪಣ್ಣ, ಇದನ್ನು ಕಡಿಯುವ ಅಗತ್ಯ ಇರಲಿಲ್ಲ. ನೀವು ಅಂದು ಕಂಡದ್ದೇ ಸರಿ. ಮುಂದಿನ ಚಕ್ರಕ್ಕೆ ಬಲ ಕೊಡುವ ಶಾಫ್ಟನ್ನು ನಾನು ಮಂಗಳೂರಿನಲ್ಲೇ ಬಿಟ್ಟು ಬಂದಿದ್ದೆ. ನನಗೆ ಎರಡೇ ದಿನದಲ್ಲಿ ಗೊತ್ತಾಯಿತು. ನೀವು ಅಳತೆ ಕೇಳಲು ಬಂದಾಗಲೂ ಗೊತ್ತಿತ್ತು."

ಅವರನ್ನು ನಾನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವರು ಕಲ್ಲಿನ ಗೋಡೆಯ ಕಡೆಗೆ ತಿರುಗಿದರು. ಬಯ್ಯುತ್ತಾರೆ ಎಂದು ಕಾದೆ. ಹೊಡೆದರೂ ಆಗಬಹುದು ಎನಿಸಿತ್ತು.

"ಇನ್ನು ಯಾರಿಗೆಲ್ಲ ಹೇಳಿದ್ದೀರಿ?" ಎಂದು ಕೇಳಿದರು.

"ಹೆಂಡತಿಗೆ ಮಾತ್ರ."

"ಮೇಲೆ ಹೇಳ್ಬೇಡಿ ಸಾಹೇಬ್ರೆ. ಬಸುರಿ ಹೆಂಗಸರು ಕಲ್ಲು ಹೊತ್ತಿದ್ದಾರೆ. ಬೇಡದ ಕೆಲಸ ಮಾಡಿದ್ದು ಅಂತ ಗೊತ್ತಾದ್ರೆ ನಾಳೆಯಿಂದ ಅವರು ಈ ದಾರಿಯಲ್ಲಿ ಹೇಗೆ ನಡೀಬೇಕು? ನನಗೆ ಹೇಳಿದ್ರಲ್ಲ, ನನ್ನ ಹತ್ರವೇ ಇರ್ಲಿ."

ನಾನು ಮಾತು ಕೊಟ್ಟೆ. ಈಗ ಐತಪ್ಪಣ್ಣ ಇಲ್ಲ, ಆ ದಾರಿಯಲ್ಲಿ ಬಸ್ಸು ಓಡುತ್ತದೆ, ಹೊಸಬರಿಗೆ ಗೊತ್ತಾಗಲಿ ಎಂದು ಹೆಸರು ಬದಲಿಸಿ ಆ ಮಾತನ್ನು ಮುರಿಯುತ್ತಿದ್ದೇನೆ. ಇದೂ ಸರಿಯೋ ತಪ್ಪೋ ನನಗೆ ತಿಳಿಯದು.

"ಜೀಪು ಮುಂದೆ ಬಿಡಿ. ಮಕ್ಕಳೆಲ್ಲ ಬೆಳಿಗ್ಗೆಯಿಂದ ಕಾಯ್ತಾ ಉಂಟು" ಎಂದರು ಅವರು. ಬಿಟ್ಟೆ. ಮೇಲೆ ಊರಿಗೆ ಊರೇ ನಿಂತಿತ್ತು. ಒಬ್ಬಳು ಅಜ್ಜಿ ಜೀಪಿನ ಬಾನೆಟ್ಟಿಗೆ ಕುಂಕುಮ ಹಚ್ಚಿದಳು. ಈ ಸಾಹೇಬರು ಅಂದು ಸತ್ಯ ಹೇಳಿದ್ದರಿಂದ ನಾವು ಕಡಿದೆವು, ಕಡಿದದ್ದರಿಂದ ದಾರಿಯಾಯಿತು ಎಂದು ಯಾರೋ ಒಬ್ಬರು ಎದ್ದು ನಿಂತು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಪಿಗೆಯ ಒಂದು ಹಾರವನ್ನು ಐತಪ್ಪಣ್ಣನ ಕೈಗೆ ಕೊಟ್ಟರು. ಎರಡು ಬೆರಳು ಉಳಿದಿದ್ದ ಬಲಗೈಯಲ್ಲಿ ಅದು ನಿಲ್ಲಲಿಲ್ಲ. ಎಡಗೈ ಸೇರಿಸಿ ಹಿಡಿದು ನನ್ನೆದುರು ಬಂದು ನಿಂತರು. ನಾನು ತಲೆ ತಗ್ಗಿಸಿದೆ. ಹಾರ ಹಾಕಿಸಿಕೊಳ್ಳಲು ತಗ್ಗಿಸಿದ್ದೆಂದು ಎಲ್ಲರೂ ತಿಳಿದರು.